ವೈದ್ಯ ನೋಡದ ಬಾಯಿ

"ಗುರುಗಳೇ, ವಾಸಿಯಾಗದ ಮಗುವಿಗೆ ಮದ್ದು ಕೊಡುವುದರಲ್ಲಿ ಏನು ಅರ್ಥವಿದೆ?" ಎಂದು ಸಿದ್ಧವೀರ ಕೇಳಿದ.

ಮಠದ ಮದ್ದಿನ ಕೋಣೆ ನೋಡಿಕೊಳ್ಳುವ ಶಿಷ್ಯ ಅವನು. ಅಂದು ಬೆಳಿಗ್ಗೆ ಹೊಳೆಯಾಚೆಯಿಂದ ಒಬ್ಬ ತಾಯಿ, ಕೈಕಾಲು ಸ್ವಾಧೀನವಿಲ್ಲದ ಮಗಳನ್ನು ಬೆನ್ನ ಮೇಲೆ ಹೊತ್ತು ಬಂದಿದ್ದಳು. ಇದಕ್ಕೆ ನಮ್ಮಲ್ಲಿ ಮದ್ದಿಲ್ಲವೆಂದು ಹೇಳಿ ಕಳಿಸಿಬಿಟ್ಟಿದ್ದ. ಹೇಳಿದ್ದು ಸುಳ್ಳಲ್ಲ. ಆದರೂ ಆಗಿನಿಂದ ಅವನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು ಜಗಲಿಯ ಮೇಲೆ ಕುಳಿತು, "ಕೇಳಪ್ಪಾ" ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ಮಾತು ಮಾತ್ರ ಸ್ವಲ್ಪ ಅವಸರದ್ದು. ಹೂ ಮಾರುವ ಹೆಂಗಸೊಬ್ಬಳು ಅವನ ಬಳಿಗೆ ತನ್ನ ಮಗನನ್ನು ಎತ್ತಿಕೊಂಡು ಬಂದಳು. ಹುಡುಗ ನಡೆಯಲಾರ, ಮಾತಾಡಲಾರ. ಊಟ ಬಿಟ್ಟು ಒಂದೇ ಸಮನೆ ಅಳುತ್ತಿದ್ದ. ವೈದ್ಯ ಅವನ ಸೊರಗಿದ ಕಾಲು ನೋಡಿದ, ಅಷ್ಟಕ್ಕೇ ಎಲ್ಲ ತಿಳಿಯಿತು ಅಂದುಕೊಂಡ. ಬಹಳ ಬಲ್ಲವರಿಗೆ ಆಗುವುದೇ ಹೀಗೆ ನೋಡು.

"ಹುಟ್ಟಿನಿಂದ ಬಂದದ್ದಕ್ಕೆ ಮದ್ದಿಲ್ಲ ತಾಯೀ. ಇಂಥ ಮಕ್ಕಳು ಅಳುವುದೇ ಹಾಗೆ" ಎಂದ.

"ನನ್ನ ಮಗ ಅಳುಬುರುಕನಲ್ಲ ಸ್ವಾಮಿ. ನಾನು ಹೂ ಕಟ್ಟುತ್ತಾ ಕೂತರೆ ನನ್ನ ಮುಖ ನೋಡಿ ನೋಡಿ ನಗುತ್ತಾನೆ. ಓಡಾಡುವ ಮಗು ಹೀಗೆ ಊಟ ಬಿಟ್ಟು ಅತ್ತಿದ್ದರೆ ನೀವು ಮೊದಲು ಏನು ನೋಡುತ್ತಿದ್ದಿರಿ?"

"ಬಾಯಿ ನೋಡುತ್ತಿದ್ದೆ" ಎಂದ ವೈದ್ಯ.

ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗಲ್ಲ ನೇವರಿಸಿ, ಮೆಲ್ಲಗೆ ಬಾಯಿ ತೆರೆಸಿದ. ದವಡೆಯ ಹಲ್ಲೊಂದು ಕೊಳೆತು, ವಸಡಿನಲ್ಲಿ ಕೀವು ತುಂಬಿ ಬಾತುಕೊಂಡಿತ್ತು. ಗಟ್ಟಿ ಗಂಡಸರನ್ನೂ ಕೂಗಿಸುವ ನೋವು ಅದು. ಪಾಪ, ಆ ಕೂಸು ಅತ್ತು ಅತ್ತು ಅದನ್ನೇ ಹೇಳುತ್ತಿತ್ತು. ವೈದ್ಯ ಹಲ್ಲು ಕಿತ್ತ, ಕೀವು ತೆಗೆದ, ಲವಂಗದ ಎಣ್ಣೆ ಹಚ್ಚಿದ. ಹುಡುಗ ಅವನ ತೊಡೆಯ ಮೇಲೆಯೇ ನಿದ್ದೆಹೋದ. ತಾಯಿ ಎತ್ತಿಕೊಳ್ಳಲು ಕೈ ಚಾಚಿದರೆ ವೈದ್ಯ, "ಇರಲಿ ಬಿಡಮ್ಮಾ, ಮಲಗಲಿ" ಅಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಆ ಹುಡುಗ ನಡೆದನೇ?" ಎಂದ ಸಿದ್ಧವೀರ.

"ಇಲ್ಲಪ್ಪಾ. ಉಂಡ. ಅಮ್ಮನ ಮುಖ ನೋಡಿ ನಕ್ಕ."

ಬೆಳಿಗ್ಗೆ ಬಂದಿದ್ದ ತಾಯಿ ಆಡಿದ ಮಾತು ಸಿದ್ಧವೀರನಿಗೆ ಈಗ ನೆನಪಾಯಿತು. ಅವಳು ಕೈಕಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ. ಮಗಳು ಬಿಡದೆ ಕೆಮ್ಮುತ್ತಾಳೆ, ಉಸಿರಿಗೆ ಒದ್ದಾಡುತ್ತಾಳೆ ಎಂದಿದ್ದಳು. ಅವನು ತಟ್ಟನೆ ಎದ್ದು ನಿಂತ.

ಗುರುಗಳು ಹೊಳೆಯ ದಾರಿಯತ್ತ ನೋಡಿ ಹೇಳಿದರು:

"ಮಗಳನ್ನು ಹೊತ್ತು ನಡೆಯುವವಳು ಇನ್ನೂ ಹೊಳೆ ದಾಟಿರಲಾರಳು."