ಡೆಸ್ಕ್‌ಟಾಪಿಗೆ ಬಂದ ಉಪ್ಪಿನಕಾಯಿ ಪುಸ್ತಕ

ವಾರಿಜಾ ಟೀಚರ್ ಅವರ ಕಂಪ್ಯೂಟರಿಗೆ ಉಪ್ಪಿನಕಾಯಿಯ ಇ-ಪುಸ್ತಕವೊಂದು ಬಂತು. ಕಂಪ್ಯೂಟರಿನಲ್ಲಿ ಇ-ಪುಸ್ತಕಗಳನ್ನು ಜೋಡಿಸಿಡುವ ಗ್ರಂಥಾಲಯ ತಂತ್ರಾಂಶ ಅದನ್ನು ಲೇಖಕಿಯ ಹೆಸರಿನ ಫೋಲ್ಡರಿನಲ್ಲಿ ಇರಿಸಿ, ಆ ಜಾಗದ ವಿಳಾಸವನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡಿತು.

"ಆರುನೂರು ಪುಟದ ಗ್ರಂಥ ನಾನು. ಈ ಮೂಲೆಯಲ್ಲಿ ನನ್ನನ್ನು ಯಾರು ನೋಡುತ್ತಾರೆ?" ಎಂದಿತು ಪುಸ್ತಕ.

"ಬೇಕಾದವರನ್ನು ನಾನೇ ಕರೆತರುತ್ತೇನೆ. ಹೇಳದೆ ಮಾತ್ರ ಜಾಗ ಬಿಡಬೇಡಿ," ಎಂದಿತು ತಂತ್ರಾಂಶ.

ಪುಸ್ತಕ ಕೇಳಲಿಲ್ಲ. ಎಲ್ಲರಿಗೂ ಕಾಣಲೆಂದು ಮೆಲ್ಲನೆ ಡೆಸ್ಕ್‌ಟಾಪಿಗೆ ಬಂದು ಕುಳಿತಿತು.

ಮಾವಿನಕಾಯಿ ತಂದ ದಿನ ಟೀಚರ್ ತಂತ್ರಾಂಶವನ್ನು ತೆರೆದು ಅದೇ ಪುಸ್ತಕ ಕೇಳಿದರು. ತಂತ್ರಾಂಶ ತಾನು ಬರೆದುಕೊಂಡಿದ್ದ ವಿಳಾಸದಲ್ಲಿ ಹುಡುಕಿ ಬಂದು, "ಫೋಲ್ಡರ್ ಖಾಲಿ, ಅಮ್ಮ," ಎಂದಿತು.

"ಇಲ್ಲಿದ್ದೇನೆ, ಇಲ್ಲೇ!" ಎಂದು ಪುಸ್ತಕ ಕೂಗಿಕೊಂಡಿತು. ಆದರೆ ತಂತ್ರಾಂಶದ ಕಿಟಕಿ ಡೆಸ್ಕ್‌ಟಾಪನ್ನು ಪೂರ್ತಿ ಮುಚ್ಚಿತ್ತು.

"ಹೋಗಲಿ ಬಿಡು," ಎಂದ ಟೀಚರ್, ಪಕ್ಕದ ಫೋಲ್ಡರಿನ ಪುಟ್ಟ ಪುಸ್ತಕವೊಂದನ್ನು ತೆರೆದು ಮಾವಿನಕಾಯಿ ಹೆಚ್ಚತೊಡಗಿದರು.