ಕೆಂಪೆಳೆಯ ಹಗ್ಗ

"ಗುರುಗಳೇ, 'ಇದು ನನ್ನದು' ಎನ್ನುವುದು ತಪ್ಪಲ್ಲವೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಕೊಟ್ರಯ್ಯ. ಮಕ್ಕಳ ಹೊಟ್ಟೆನೋವಿಗೆ ಗುಳಿಗೆ ಮಾಡಿ ಮಾರುತ್ತಿದ್ದ. ಪೊಟ್ಟಣದ ಮೇಲೆ ಗಿಳಿಯ ಮುದ್ರೆ ಒತ್ತುತ್ತಿದ್ದ. ಓದು ಬಾರದ ತಾಯಂದಿರೂ ಗಿಳಿಯನ್ನು ನೋಡಿ ಕೊಳ್ಳುತ್ತಿದ್ದರು. ಈಗ ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಅದೇ ಗಿಳಿಯನ್ನು ಒತ್ತಿ ತನ್ನ ಗುಳಿಗೆ ಮಾರತೊಡಗಿದ್ದ.

"ಹೆಂಡತಿ ದೂರು ಕೊಡಿ ಎಂದು ದಿನವೂ ಪೀಡಿಸುತ್ತಾಳೆ. ನನಗೆ ಮನಸ್ಸಿಲ್ಲ" ಎಂದ ಕೊಟ್ರಯ್ಯ. "ಗಿಳಿಗೂ ನನ್ನದು ಎಂದು ಬೇಲಿ ಹಾಕಿದರೆ, ಇಷ್ಟು ಕಾಲ ನಿಮ್ಮ ಬಳಿ ಕೂತು ನಾನು ಕಲಿತದ್ದೇನು? ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ."

ಗುರು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಕತ್ತಾಳೆಯನ್ನು ನೀರಿನಲ್ಲಿ ಹದವಾಗಿ ಕೊಳೆಹಾಕಿ ನಾರು ತೆಗೆಯುತ್ತಿದ್ದ. ಹೆಚ್ಚು ಕೊಳೆತ ನಾರು ನೋಡಲು ಚೆಂದ, ಬೆಳ್ಳಗಿರುತ್ತದೆ. ಆದರೆ ಸತ್ವ ಇರುವುದಿಲ್ಲ. ಅಂಥದ್ದನ್ನು ಅವನು ಎಸೆಯುತ್ತಿದ್ದ. ಆ ಊರಿನ ಬಾವಿಗಳು ಬಹಳ ಆಳ. ಬೇಸಿಗೆಯಲ್ಲಿ ಹೂಳು ತೆಗೆಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಅವರಿಗೆ ಇವನ ಹಗ್ಗವೇ ಬೇಕು.

ತನ್ನ ಹಗ್ಗಕ್ಕೊಂದು ಗುರುತು ಬೇಕೆಂದು ಅವನು ಪೇಟೆಯ ಚಾವಡಿಗೆ ಹೋದ. "ಇದಕ್ಕೆ ಗಟ್ಟಿಹಗ್ಗ ಎಂದು ಹೆಸರಿಟ್ಟಿದ್ದೇನೆ. ಬೇರೆ ಯಾರೂ ಆ ಹೆಸರು ಇಡಬಾರದು" ಎಂದ.

ಚಾವಡಿಯ ಅಧಿಕಾರಿ ನಕ್ಕ. "ಉಳಿದವರು ತಮ್ಮ ಗಟ್ಟಿ ಹಗ್ಗವನ್ನು ಏನೆಂದು ಕರೆಯಬೇಕಪ್ಪ? ಮೆತ್ತನೆಯ ಹಗ್ಗ ಎಂದೇ? ಎಲ್ಲರ ಬಾಯಲ್ಲಿರುವ ಮಾತನ್ನು ಒಬ್ಬನಿಗೆ ಬರೆದುಕೊಡಲಾಗದು. ಹಗ್ಗಕ್ಕೆ ಬೇಕಿಲ್ಲದ್ದು, ನೀನಾಗಿ ಸೇರಿಸುವಂಥದ್ದು ಏನಾದರೂ ತಾ."

ಹಗ್ಗದವನು ಒಂದು ಕೆಂಪು ನೂಲನ್ನು ನಾರಿನ ನಡುವೆ ಸೇರಿಸಿ ಹೊಸೆದು ತಂದ. ತುದಿ ಬಿಡಿಸಿದರೆ ಮಾತ್ರ ಅದು ಕಾಣುತ್ತಿತ್ತು. ಅಧಿಕಾರಿ ಒಪ್ಪಿದ. ಯಾರದಾದರೂ ತಕರಾರು ಇದ್ದರೆ ಬಂದು ಹೇಳಿ ಎಂದು ಡಂಗುರ ಹೊಡೆಸಿದ. ಯಾರೂ ಬರಲಿಲ್ಲ.

"ಇನ್ನು ಈ ಎಳೆ ನಿನ್ನದು. ಬೇರೆ ಯಾರಾದರೂ ಹಾಕಿದರೆ ಬಂದು ಹೇಳು. ಊರೂರು ತಿರುಗಿ ಹಗ್ಗ ಬಿಡಿಸಿ ನೋಡುವುದು ನನ್ನ ಕೆಲಸವಲ್ಲ" ಎಂದ ಅಧಿಕಾರಿ.

ಜನ ಅಂಗಡಿಯಲ್ಲಿ ಹಗ್ಗದ ತುದಿ ಬಿಡಿಸಿ, ಕೆಂಪು ಕಂಡರೆ ಕೊಳ್ಳುವುದು ರೂಢಿಯಾಯಿತು. ಹಗ್ಗ ಕೊಡಿ ಎಂದು ಕೇಳುವವರೇ ಇಲ್ಲ. ಕೆಂಪೆಳೆ ಕೊಡಿ ಎನ್ನುತ್ತಿದ್ದರು.

ಒಂದು ದಿನ ಅವನ ಹೆಂಡತಿ ಸಂತೆಯಿಂದ ಒಂದು ಹಗ್ಗ ತಂದು ಅವನ ಮುಂದೆ ಹಾಕಿದಳು. ತುದಿಯಲ್ಲಿ ಕೆಂಪಿತ್ತು. ಅದನ್ನು ಹೊಸೆದವನು ಆಚೆ ಕೇರಿಯವನು. "ಚಾವಡಿಗೆ ಹೋಗಿ" ಎಂದಳು.

"ಅವನೂ ಉಣ್ಣಲಿ ಬಿಡೆ. ನೂಲೇನು ನಾನು ಹೆತ್ತದ್ದೇ? ಈಗ ಊರಿನ ಹಗ್ಗಕ್ಕೆಲ್ಲ ನನ್ನ ಎಳೆಯ ಹೆಸರೇ ಬಂತು, ನೋಡು."

"ಹೆಸರು ನಿಮ್ಮದು ಬಂತು. ನಾರೂ ನಿಮ್ಮದೇ ಬಂತೇ?"

ಅವನು ನಕ್ಕು ಕೆಲಸಕ್ಕೆ ಕೂತ. ಜನ ಅವನನ್ನು ದೊಡ್ಡ ಮನಸ್ಸಿನವನು ಎಂದರು. ಅದನ್ನು ಕೇಳಲು ಅವನಿಗೆ ಹಿತವಾಗಿತ್ತು. ಆಚೆ ಕೇರಿಯವನನ್ನು ನೋಡಿ ಇನ್ನೂ ಕೆಲವರು ಕೆಂಪು ನೂಲು ಹಾಕತೊಡಗಿದರು.

ಬೇಸಿಗೆ ಬಂತು. ಹೂಳು ತೆಗೆಯಲು ಇಳಿದ ಒಬ್ಬನ ಹಗ್ಗ ಬಾವಿಯ ನಡುವೆ ಕಿತ್ತುಹೋಯಿತು. ಅವನು ತಳದ ಕಲ್ಲಿನ ಮೇಲೆ ಬಿದ್ದ. ಮೇಲೆತ್ತಿದಾಗ ಉಸಿರಿತ್ತು. ಕಾಲುಗಳು ಅಲುಗಲಿಲ್ಲ.

ಬಿದ್ದವನ ಹೆಂಡತಿ ಕಿತ್ತ ಹಗ್ಗವನ್ನು ಚಾವಡಿಗೆ ತಂದಳು. ಅಧಿಕಾರಿ ತುದಿ ಬಿಡಿಸಿದ. ಕೆಂಪಿತ್ತು. ಹಗ್ಗದವನಿಗೆ ಕರೆ ಹೋಯಿತು. ಕೆಟ್ಟ ಹಗ್ಗ ಕೊಟ್ಟು ಮನುಷ್ಯನನ್ನು ಬೀಳಿಸಿದವನು ಮತ್ತೆಂದೂ ಹಗ್ಗ ಹೊಸೆಯಬಾರದು ಎಂಬುದು ಅಲ್ಲಿಯ ಕಾನೂನು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

"ಈ ಎಳೆಯನ್ನು ನಿನಗೆ ಕೊಟ್ಟವನು ನಾನೇ. ಹಗ್ಗ ನಿನ್ನದೇ?"

"ಅಲ್ಲ ಸ್ವಾಮಿ. ಬೇರೆಯವರೂ ಈ ಎಳೆ ಹಾಕುತ್ತಾರೆ."

"ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು."

"ಬಂದು ಹೇಳಿದೆಯಾ?"

ಹಗ್ಗದವನು ತಲೆ ತಗ್ಗಿಸಿದ.

ಅಧಿಕಾರಿ ಸಂತೆಯಿಂದ ಇವನದೂ ಸೇರಿ ಬೇರೆ ಬೇರೆಯವರ ಹಗ್ಗ ತರಿಸಿದ. ಸಾಲಾಗಿ ಇಡಿಸಿ ಬಟ್ಟೆ ಮುಚ್ಚಿಸಿದ. ತುದಿಗಳಷ್ಟೇ ಹೊರಗಿದ್ದವು. "ಇದರಲ್ಲಿ ನಿನ್ನದು ಯಾವುದು, ತೋರಿಸು" ಎಂದ.

ಹಗ್ಗದವನು ಬಗ್ಗಿದ. ಎಲ್ಲ ತುದಿಗಳಲ್ಲೂ ಕೆಂಪು. ಅವನು ಮುಟ್ಟಿ ನೋಡಲು ಕೈ ಚಾಚಿದ. ಅಧಿಕಾರಿ ಕೋಲು ಅಡ್ಡ ಹಿಡಿದ.

"ಸ್ವಾಮಿ, ನನ್ನ ಬೆರಳಿಗೆ ನನ್ನ ನಾರು ಗೊತ್ತು."

"ನಿನ್ನ ಬೆರಳಿಗೆ ಗೊತ್ತು. ಬಾವಿಗೆ ಇಳಿಯುವವನ ಬೆರಳಿಗೆ ಗೊತ್ತೇ? ಗೊತ್ತಿಲ್ಲವೆಂದೇ ಅಲ್ಲವೇ ಎಳೆ ಹಾಕಿದ್ದು? ಅವನು ನೋಡುವ ಹಾಗೆ ನೋಡು."

ಹಗ್ಗದವನು ಬಹಳ ಹೊತ್ತು ನೋಡಿದ. ಕೊನೆಗೆ ಒಂದು ತುದಿಯನ್ನು ತೋರಿಸಿದ. ಬಟ್ಟೆ ಸರಿಸಿದರು. ಅದು ಆಚೆ ಕೇರಿಯವನ ಹಗ್ಗ.

ಜನ ಗುಜುಗುಜು ಎಂದರು. ಅಧಿಕಾರಿ ತೀರ್ಪು ಹೇಳಲು ಬಾಯಿ ತೆರೆದಾಗ, ಬಿದ್ದವನ ಹೆಂಡತಿ ಎದ್ದು ನಿಂತಳು.

"ಮುಟ್ಟಲಿ ಸ್ವಾಮಿ. ಇದು ನಿಜವಾಗಿ ಯಾರದು ಎಂದು ನನಗೂ ತಿಳಿಯಬೇಕು."

ಅಧಿಕಾರಿ ಕೋಲು ತೆಗೆದ. ಹಗ್ಗದವನು ಕಿತ್ತ ತುಂಡನ್ನು ಬೆರಳುಗಳ ನಡುವೆ ಉಜ್ಜಿದ. ಬೆಳ್ಳನೆಯ ನಾರು ಹಿಟ್ಟಿನಂತೆ ಉದುರಿತು. ಹೆಚ್ಚು ಕೊಳೆತ ನಾರು. ಆಮೇಲೆ ಸಾಲಿನ ಹಗ್ಗಗಳನ್ನು ಒಂದೊಂದಾಗಿ ಉಜ್ಜಿದ. ಆಚೆ ಕೇರಿಯವನದು ಮಾತ್ರ ಹಾಗೆಯೇ ಉದುರಿತು. ಆಚೆ ಕೇರಿಯವನನ್ನು ಕರೆಸಿ ಕೇಳಿದಾಗ ಅವನು ಅಲ್ಲಗಳೆಯಲಿಲ್ಲ.

ಅಧಿಕಾರಿ ಹೇಳಿದ: "ಹಗ್ಗ ಇವನದಲ್ಲ. ಇವನ ಕಸುಬು ಇವನಿಗಿರಲಿ. ಆಚೆ ಕೇರಿಯವನು ಇನ್ನು ಹಗ್ಗ ಮುಟ್ಟಬಾರದು. ಆದರೆ ಕೆಂಪೆಳೆ ಇಂದಿನಿಂದ ಯಾರದೂ ಅಲ್ಲ. ಎಲ್ಲರೂ ಹಾಕಿ, ಹಾಕಿದವನಿಗೇ ಗುರುತು ಸಿಗದಿದ್ದರೆ ಅದು ಬರಿಯ ನೂಲು. ಕೆಂಪು ನೋಡಿ ಯಾರೂ ಬಾವಿಗೆ ಇಳಿಯಬೇಡಿ ಎಂದು ಡಂಗುರ ಹೊಡೆಸಿ."

ಹಗ್ಗದವನಿಗೆ ಹೋದ ಜೀವ ಬಂದಂತಾಯಿತು. ಕೈಮುಗಿದು ಹೊರಟ. ಬಾಗಿಲಲ್ಲಿ ಬಿದ್ದವನ ಹೆಂಡತಿ ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಣ್ಣಾ, ಆ ಹಗ್ಗ ತಂದವಳು ನಾನೇ. ತುದಿ ಬಿಡಿಸಿ, ಬಿಸಿಲಿಗೆ ಹಿಡಿದು, ಕೆಂಪು ನೋಡಿಯೇ ತಂದೆ. ನಾನು ಸರಿಯಾಗಿ ನೋಡಲಿಲ್ಲವೇ?"

ಗುರು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯ ಕಾದ. ಹಗ್ಗದವನು ಏನೆಂದ ಎಂದು ಗುರು ಹೇಳಲಿಲ್ಲ. ಕೊನೆಗೆ ಅವನೇ ಕೇಳಿದ: "ಆದರೂ ಗುರುಗಳೇ, ಎಳೆ ಅವನದೇ ಆಗಿತ್ತಲ್ಲ. ತನ್ನದನ್ನು ತಾನು ಬಿಟ್ಟುಕೊಟ್ಟರೆ ತಪ್ಪೇನು?"

"ಎಳೆ ಅವನದು, ಬಿಟ್ಟುಕೊಡಲಿ. ಆದರೆ ಆ ಹೆಂಗಸು ಅದರ ಮೇಲಿಟ್ಟ ನಂಬಿಕೆಯನ್ನು ಬಿಟ್ಟುಕೊಡಲು ಅವನು ಯಾರು?" ಎಂದರು ಗುರು.