ಮೊಟ್ಟೆ ಇದ್ದ ಜಾಗ

ಸಾಂಬನಿಗೆ ಆಶ್ರಮದಲ್ಲಿ ಕಾಲು ನಿಲ್ಲದಂತಾಗಿತ್ತು. ಸೋಮವಾರದೊಳಗೆ ಅವನು ಅಲ್ಲಿಂದ ಹೊರಡಲೇಬೇಕಿತ್ತು.

ಕಾರಣ, ಒಂದು ಕಾಗದ. ಅವನನ್ನು ಸಾಕಿ ಬೆಳೆಸಿದ ಅಕ್ಕ ಸೋಮವಾರ ಬರುತ್ತೇನೆಂದು ಬರೆದಿದ್ದಳು. ಆರು ವರ್ಷದ ಹಿಂದೆ, ಅವಳು ಕಾಯಿಲೆ ಬಿದ್ದು ಮಲಗಿದ್ದಾಗ, ಒಂದು ಮಾತೂ ಹೇಳದೆ ಮನೆ ಬಿಟ್ಟು ಬಂದವನು ಇವನು. ಈಗ ಯಾವ ಮುಖ ಇಟ್ಟುಕೊಂಡು ಅವಳೆದುರು ನಿಲ್ಲುವುದು?

ಇದನ್ನು ಗುರುಗಳಿಗೆ ಹೇಳಿದನೇ? ಎಲ್ಲಿಯ ಮಾತು!

"ಕಾಶಿಗೆ ಹೋಗಲು ಅಪ್ಪಣೆ ಕೊಡಿ, ಗುರುಗಳೇ," ಎಂದ. "ಇಲ್ಲಿಯ ನೆಲದ ತಂಡಿಗೆ ಮೊಣಕಾಲು ಹಿಡಿದುಕೊಂಡಿದೆ."

ಗುರುಗಳು ಎಣ್ಣೆ ಕಾಯಿಸಿ ತಂದು ತಾವೇ ತಿಕ್ಕಿದರು.

ಮರುದಿನ ಮತ್ತೆ ಬಂದ. "ಅಡುಗೆಮನೆಯ ಸದ್ದಿಗೆ ಮನಸ್ಸು ಧ್ಯಾನಕ್ಕೆ ನಿಲ್ಲುತ್ತಿಲ್ಲ."

ಗುರುಗಳು ತಮ್ಮ ಕೋಣೆಯನ್ನೇ ಅವನಿಗೆ ಬಿಟ್ಟುಕೊಟ್ಟರು.

ಶನಿವಾರ ಮೂರನೆಯ ಸಲ ಬಂದ. "ಇಲ್ಲಿ ಜನ ಜಾಸ್ತಿ. ಏಕಾಂತವೇ ಇಲ್ಲ."

"ಹೌದಾ? ಹಾಗಾದರೆ ನಾಳೆ ಉಪ್ಪಿನ ಸರೋವರದ ಪಕ್ಷಿಧಾಮಕ್ಕೆ ಹೋಗು. ಒಬ್ಬನೇ ಹೋಗು. ಸಂಜೆ ಬಂದು ಕಂಡದ್ದನ್ನು ಹೇಳು. ಅಪ್ಪಣೆಯ ಮಾತು ಆಮೇಲೆ."

ಇನ್ನೊಂದು ದಿನ ಕೈತಪ್ಪಿ ಹೋಯಿತು ಎಂದುಕೊಂಡ ಸಾಂಬ.

ಬೆಳಗಿನ ಬಸ್ಸಿಗೆ ಹೋದ. ಕಣ್ಣು ಹಾಯುವಷ್ಟು ದೂರ ಬಿಳಿ ನೆಲ, ತೆಳ್ಳನೆಯ ನೀರು, ಆಚೆ ದಂಡೆಯಲ್ಲಿ ರಾಜಹಂಸಗಳ ಗುಂಪು. ನೋಡಲು ಎರಡು ಕಣ್ಣು ಸಾಲದಂಥ ಜಾಗ. ಸಾಂಬ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ಸೂರ್ಯ ಎಲ್ಲಿಗೆ ಬಂದ ಎಂದು ನೋಡುತ್ತಿದ್ದ.

ಕೂತ. ಎದ್ದ. ಇನ್ನೊಂದು ಕಡೆ ಕೂರಲು ಹೋದಾಗ ಕಾಲ ಬಳಿಯಿಂದ ಸಣ್ಣ ಹಕ್ಕಿಯೊಂದು ಚೀರುತ್ತಾ ಎದ್ದಿತು. ಅದರ ಒಂದು ರೆಕ್ಕೆ ಮುರಿದಂತೆ ನೆಲದ ಮೇಲೆ ಎಳೆದಾಡುತ್ತಿತ್ತು.

ಅಯ್ಯೋ ಪಾಪ ಅನ್ನಿಸಿತು. ಹಿಡಿದು ಆರೈಕೆ ಮಾಡೋಣವೆಂದು ಹಿಂದೆ ಹೋದ. ಇನ್ನೇನು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಹತ್ತು ಮಾರು ಮುಂದೆ ಕುಂಟುತ್ತಿತ್ತು. ಹೀಗೇ ಉರಿಬಿಸಿಲಲ್ಲಿ ಬಹುದೂರ ಓಡಿಸಿ, ಕೊನೆಗೆ ಭರ್ರೆಂದು ಹಾರಿಹೋಯಿತು.

ದಿಬ್ಬದ ಮೇಲಿದ್ದ ಕಾವಲಿನ ಹೆಂಗಸು ಬಿದ್ದು ಬಿದ್ದು ನಕ್ಕಳು.

"ಬರೋರೆಲ್ಲ ಹೀಗೇ ಓಡ್ತಾರೆ ಸ್ವಾಮಿ. ಅದರ ರೆಕ್ಕೆಗೆ ಏನೂ ಆಗಿಲ್ಲ."

"ಮತ್ತೆ ಆ ನಾಟಕ ಯಾಕಮ್ಮಾ?"

"ನೀವು ಮೊದಲು ನಿಂತಿದ್ರಲ್ಲ, ಅಲ್ಲೇ ಬರೀ ನೆಲದ ಮೇಲೆ ಮೊಟ್ಟೆ ಇಟ್ಟಿದೆ. ಅದು ನಿಮ್ಮ ಕಣ್ಣಿಗೆ ಬೀಳಬಾರದು, ಅಷ್ಟೇ."

ಸಂಜೆ ಸಾಂಬ ಇದನ್ನೆಲ್ಲ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾ ಹೇಳಿದ. ಗುರುಗಳು ನಗಲಿಲ್ಲ.

"ಅದು ಹಾರದೇ ಇದ್ದಿದ್ದರೆ?"

"ಕತ್ತಲಾಗುವ ತನಕ ಓಡುತ್ತಿದ್ದೆನೇನೋ." ಸಾಂಬ ಅವಸರದಲ್ಲಿದ್ದ. "ಗುರುಗಳೇ, ಅಪ್ಪಣೆ? ನಾಳೆ ಬೆಳಗ್ಗೆಯೇ ರೈಲಿದೆ. ಈ ಊರಿನ ನೀರೂ ನನಗೆ ಒಗ್ಗುತ್ತಿಲ್ಲ."

ಗುರುಗಳು ಅವನ ಎದುರಿಗೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ನೀನು ಮೊಣಕಾಲು ಅಂದೆ, ನಾನು ಎಣ್ಣೆ ಹಿಡಿದು ಬಂದೆ. ಸದ್ದು ಅಂದೆ, ಕೋಣೆ ಬಿಟ್ಟೆ. ಜನ ಅಂದೆ, ಸರೋವರಕ್ಕೆ ಕಳಿಸಿದೆ. ಈಗ ನೀರು ಅನ್ನುತ್ತೀಯ. ನನಗೂ ವಯಸ್ಸಾಯಿತಪ್ಪ, ಇನ್ನು ಓಡಲಾರೆ. ಇಲ್ಲೇ ಕೂರುತ್ತೇನೆ."

ಸಾಂಬ ಇನ್ನೊಂದು ನೆಪ ಹುಡುಕಿದ, ಒಂದೂ ಹೊಳೆಯಲಿಲ್ಲ. ಗುರುಗಳು ಕೂತೇ ಇದ್ದರು.

"ನಾಳೆ ನಮ್ಮಕ್ಕ ಬರ್ತಿದ್ದಾಳೆ," ಎಂದ. ಅಷ್ಟು ಹೇಳುವುದರಲ್ಲಿ ಅಳು ನುಗ್ಗಿ ಬಂತು. "ಕಾಯಿಲೆ ಬಿದ್ದವಳನ್ನು ಬಿಟ್ಟು ಓಡಿ ಬಂದವನು ನಾನು. ಅವಳ ಮುಖ ನೋಡೋಕೆ ಹೆದರಿಕೆ, ಗುರುಗಳೇ."

ಅವನು ಅತ್ತು ಮುಗಿಸುವವರೆಗೂ ಗುರುಗಳು ಕದಲಲಿಲ್ಲ. ಆಮೇಲೆ ಕೇಳಿದರು:

"ಅಕ್ಕ ಬರುವುದು ಎಷ್ಟು ಗಂಟೆಯ ಬಸ್ಸಿಗೆ?"